ಮುಂಬಯಿಯಲ್ಲಿ ನರವಿಜ್ಞಾನ: ಪದವಿ ವ್ಯಾಸಂಗದ ದಾರಿಗಳು

ಮಿದುಳು, ಬೆನ್ನುಹುರಿ ಮತ್ತು ನರಗಳ ರಚನೆ, ಕೆಲಸ, ಕಾಯಿಲೆ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವ ಶಾಸ್ತ್ರ ನರವಿಜ್ಞಾನ. ಅಂಗರಚನೆ, ಶರೀರಕ್ರಿಯೆ, ಔಷಧ, ಮನಶ್ಶಾಸ್ತ್ರ ಎಂದು ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋಗಿದ್ದ ಈ ವಿಷಯಕ್ಕೆ ಸ್ವಂತ ಹೆಸರು ಗಟ್ಟಿಯಾದದ್ದು 1960ರ ದಶಕದಲ್ಲಿ. ಅಮೆರಿಕದ ಎಂಐಟಿಯಲ್ಲಿ ಫ್ರಾನ್ಸಿಸ್ ಸ್ಮಿಟ್ 1962ರಲ್ಲಿ ಭೌತವಿಜ್ಞಾನಿಗಳನ್ನೂ ಜೀವವಿಜ್ಞಾನಿಗಳನ್ನೂ ವೈದ್ಯರನ್ನೂ ಒಂದೇ ಕಾರ್ಯಕ್ರಮದಡಿ ಕೂಡಿಸಿದರು. 1969ರಲ್ಲಿ ಅಲ್ಲಿ ನರವಿಜ್ಞಾನಿಗಳದೇ ಒಂದು ಸಂಘ ಹುಟ್ಟಿತು. 1973ರ ಹೊತ್ತಿಗೆ ಆಮ್‌ಹರ್ಸ್ಟ್‌ನಂಥ ಸಣ್ಣ ಕಾಲೇಜುಗಳು ಇದನ್ನು ಪದವಿ ಮಟ್ಟದಲ್ಲಿಯೇ ಕಲಿಸತೊಡಗಿದ್ದವು.

ಭಾರತದಲ್ಲಿ ಆಸ್ಪತ್ರೆ ಮೊದಲು, ಸಂಶೋಧನಾಲಯ ಆಮೇಲೆ, ಕಾಲೇಜಿನ ತರಗತಿ ಎಲ್ಲಕ್ಕಿಂತ ಕೊನೆಗೆ. ವೆಲ್ಲೂರಿನಲ್ಲಿ ಜೇಕಬ್ ಚಾಂಡಿ 1949ರಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ನೆರಳಲ್ಲಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರ ಬಂದದ್ದು 2009ರಲ್ಲಿ. ಮುಂಬಯಿಯ ಕಥೆಯೂ ಇದೇ ಜಾಡಿನದು. ಇಲ್ಲಿನ ಆಸ್ಪತ್ರೆಗಳಲ್ಲಿ, ಕೊಲಾಬಾದ ಪ್ರಯೋಗಾಲಯದಲ್ಲಿ ನಡೆದ ನರವಿಜ್ಞಾನ ಜಗತ್ತಿನ ಪಠ್ಯಪುಸ್ತಕಗಳಿಗೆ ಸೇರಿದೆ. ಆದರೆ 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ಹಳೆಯ, ಪ್ರತಿಷ್ಠಿತ ಬಿ.ಎಸ್ಸಿ. ವಿಷಯಗಳ ಸಾಲಿನಲ್ಲಿ ಅದಕ್ಕೆ ಸ್ವತಂತ್ರ ಕುರ್ಚಿಯಿಲ್ಲ. ಈ ನಗರದಲ್ಲಿ ನರವಿಜ್ಞಾನ ಓದುವುದೆಂದರೆ ಹೆಚ್ಚಿನ ಮಟ್ಟಿಗೆ ಬೇರೊಂದು ಹೆಸರಿನ ಪದವಿಗೆ ಸೇರಿ, ಬೇಕಾದ್ದನ್ನು ಅದರ ಒಳಗಿನಿಂದಲೂ ಹೊರಗಿನಿಂದಲೂ ಹೆಕ್ಕಿಕೊಳ್ಳುವುದು.

ಕರ್ನಾಟಕದ ಪಿಯುಸಿಗೆ ಮಹಾರಾಷ್ಟ್ರದಲ್ಲಿ ಜೂನಿಯರ್ ಕಾಲೇಜು ಎನ್ನುತ್ತಾರೆ. ಮನೆಯಲ್ಲಿ ಆಡುವುದು ‘ಬಾರಾವಿ’ ಎಂದು. ಬಾರಾವಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರ ಕಣ್ಣು ಮೊದಲು ನೀಟ್ ಪರೀಕ್ಷೆಯ ಮೇಲೆ. ಅಲ್ಲಿ ರ‍್ಯಾಂಕ್ ಸಿಗದವರು ಬಿ.ಎಸ್ಸಿ.ಗೆ ಬರುತ್ತಾರೆಂಬ ಮಾತು ಸಂಬಂಧಿಕರ ಬಾಯಲ್ಲಿ ಈಗಲೂ ಇದೆ. ಮಿದುಳಿನ ಸಂಶೋಧನೆಗೆಂದೇ ಬಿ.ಎಸ್ಸಿ. ಆರಿಸಿಕೊಂಡವರು ಮದುವೆಮನೆಗಳಲ್ಲಿ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿರುತ್ತಾರೆ. ಲೈಫ್ ಸೈನ್ಸ್, ಪ್ರಾಣಿಶಾಸ್ತ್ರ, ಜೀವರಸಾಯನ, ಬಯೊಟೆಕ್ನಾಲಜಿ ಇವುಗಳಲ್ಲಿ ಒಂದನ್ನು ಹಿಡಿದರೆ ಮೂರು ವರ್ಷ ಎಫ್‌ವೈ, ಎಸ್‌ವೈ, ಟಿವೈ ಎಂದು ಸಾಗುತ್ತದೆ. ಒಂದು ಪೇಪರು ಹೋದರೂ ಮುಂದಿನ ವರ್ಷಕ್ಕೆ ದಾಟಬಹುದು. ಅದಕ್ಕೆ ‘ಕೇಟಿ’ ಎನ್ನುತ್ತಾರೆ. ಪ್ರಾಕ್ಟಿಕಲ್ ಬರೆದಿಡುವ ಪುಸ್ತಕ ಇಲ್ಲಿ ರೆಕಾರ್ಡ್ ಅಲ್ಲ, ಜರ್ನಲ್. ಅದಕ್ಕೆ ಸಹಿ ಬೀಳದೆ ಪರೀಕ್ಷೆಯ ಹಾಲ್‌ನೊಳಗೆ ಕಾಲಿಡುವಂತಿಲ್ಲ.

ನರಕೋಶವೇನೋ ಮೊದಲ ವರ್ಷವೇ ಒಂದು ಚಿತ್ರವಾಗಿ ಎದುರಾಗುತ್ತದೆ. ಅದು ಕೆಲಸ ಮಾಡುವ ಬಗೆ ಕೈಗೆ ಸಿಗುವುದು ಸಾಮಾನ್ಯವಾಗಿ ಟಿವೈಯಲ್ಲಿ. ಜೀವಕೋಶದ ಪೊರೆಯ ಒಳಹೊರಗೆ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಓಡಾಡಿ ವಿದ್ಯುತ್ ಮಿಡಿತ ಹುಟ್ಟುವುದನ್ನು ಹಾಜ್ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ತೋರಿಸಿಕೊಟ್ಟಿದ್ದರು. ಆ ಮಿಡಿತವನ್ನು ವಿವರಿಸುವ ಅವರ ಸಮೀಕರಣಗಳನ್ನು ಜೀವಶಾಸ್ತ್ರದ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ, ಭೌತವಿಜ್ಞಾನದವರು ಬಿಡಿಸುತ್ತಾರೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವ ತರಗತಿ ಅಪರೂಪ. ನರವಿಜ್ಞಾನಕ್ಕೆ ಪ್ರತ್ಯೇಕ ಪದವಿ ಇಲ್ಲದ್ದರಿಂದ ಆಗುವ ನಿಜವಾದ ನಷ್ಟ ಇದು. ಹೆಸರು ಇಲ್ಲದಿರುವುದು ದೊಡ್ಡ ಕೊರತೆಯಲ್ಲ.

ಹಿಂದಿನ ತಲೆಮಾರಿನವರು ನರಗಳನ್ನು ಕಣ್ಣಾರೆ ಕಂಡೇ ಕಲಿತರು. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ಗೆ ಬರುತ್ತಿದ್ದದ್ದು ಸ್ಕೋಲಿಯೊಡಾನ್ ಎಂಬ ಪುಟ್ಟ ಶಾರ್ಕ್. ಮುಂಬಯಿಯ ಮೀನು ಮಾರುಕಟ್ಟೆಯಲ್ಲಿ ಅದು ಮುಷಿ, ಕರಾವಳಿಯಿಂದ ಬಂದ ತುಳುವರಿಗೆ ತಾಟೆ. ಅದರ ತಲೆಬುರುಡೆ ಮೂಳೆಯಲ್ಲ, ಮೃದ್ವಸ್ಥಿ. ಆದ್ದರಿಂದ ಬ್ಲೇಡಿನಿಂದ ಎಳೆ ಎಳೆಯಾಗಿ ಹೆರೆಯುತ್ತ ಹೋದರೆ ಐದನೆಯ, ಏಳನೆಯ, ಒಂಬತ್ತನೆಯ, ಹತ್ತನೆಯ ಕಪಾಲನರಗಳು ಬೆಳ್ಳಗಿನ ದಾರಗಳಂತೆ ಹೊರಬೀಳುತ್ತಿದ್ದವು. ಕೈ ಸ್ವಲ್ಪ ಜಾರಿದರೆ ನರ ತುಂಡು, ಅಂಕವೂ ತುಂಡು. ವೈದ್ಯಕೀಯ ಕಾಲೇಜುಗಳಲ್ಲಿ ಕಪ್ಪೆಯ ಮೀನಖಂಡದ ಸ್ನಾಯುವನ್ನು ನರಸಮೇತ ಬಿಡಿಸಿ, ನರಕ್ಕೆ ಕರೆಂಟು ತಗುಲಿಸಿ, ಸ್ನಾಯು ಸೆಟೆದಾಗ ಮೇಲೇಳುವ ಸೂಜಿಯಿಂದ ಹೊಗೆ ಹಿಡಿಸಿದ ಡ್ರಮ್ಮಿನ ಮೇಲೆ ಗೆರೆ ಎಳೆಸುತ್ತಿದ್ದರು. ನರದ ಹತ್ತಿರದ ಬಿಂದುವಿನಲ್ಲಿ ಒಮ್ಮೆ, ದೂರದ ಬಿಂದುವಿನಲ್ಲಿ ಒಮ್ಮೆ ಪ್ರಚೋದಿಸಿ, ಎರಡು ಗೆರೆಗಳ ನಡುವಿನ ಅಂತರದಿಂದ ನರಸಂದೇಶದ ವೇಗ ಲೆಕ್ಕ ಹಾಕುವ ಈ ಉಪಾಯ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಂಡುಕೊಂಡದ್ದು. ಅವನಿಗೆ ಸಿಕ್ಕ ಉತ್ತರ ಸೆಕೆಂಡಿಗೆ ಸುಮಾರು 27 ಮೀಟರ್.

ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಅಂಗಚ್ಛೇದನವನ್ನು ಹಂತಹಂತವಾಗಿ ಕೈಬಿಡಲು ಹೇಳಿ, 2014ರಲ್ಲಿ ಅದನ್ನು ಪೂರ್ತಿ ನಿಲ್ಲಿಸಿತು. ಅದೇ ವರ್ಷ ವೈದ್ಯಕೀಯ ಕಾಲೇಜುಗಳಲ್ಲೂ ಕಪ್ಪೆಯ ಜಾಗಕ್ಕೆ ಕಂಪ್ಯೂಟರ್ ಬಂತು. ಪ್ರಾಣಿದಯೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ತೆರೆಯ ಮೇಲಿನ ಸ್ನಾಯು ಎಂದೂ ಸುಸ್ತಾಗಿ ತಪ್ಪು ಉತ್ತರ ಕೊಡುವುದಿಲ್ಲ. ಪ್ರಯೋಗ ಕೈಕೊಟ್ಟಾಗ ಕಾರಣ ಹುಡುಕುವ ಅಭ್ಯಾಸ ಅಲ್ಲಿ ಬೆಳೆಯದು. ಆ ಕೊರತೆಯನ್ನು ತುಂಬಬಲ್ಲ ಜೀವಿಯೊಂದು ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುತ್ತಲೇ ಇತ್ತು. ಆ ಹಣ್ಣುನೊಣದ ನರವಿಜ್ಞಾನಕ್ಕೆ ಭಾರತದಲ್ಲಿ ತವರು ಮುಂಬಯಿಯೇ.

ಹೋಮಿ ಭಾಭಾ 1945ರಲ್ಲಿ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಟಿಐಎಫ್‌ಆರ್, ಕೊಲಾಬಾದ ನೇವಿ ನಗರದ ತುದಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ಗಣಿತ, ಭೌತವಿಜ್ಞಾನಗಳ ಆ ಕೋಟೆಯೊಳಗೆ 1962ರಲ್ಲಿ ಅಣುಜೀವವಿಜ್ಞಾನದ ಘಟಕ ತೆರೆದವರು ಒಬೈದ್ ಸಿದ್ದೀಕಿ. ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿ, ಗ್ಲಾಸ್ಗೊದಲ್ಲಿ ತಳಿವಿಜ್ಞಾನ ಕಲಿತು ಬಂದಿದ್ದ ಸಿದ್ದೀಕಿ 1970ರ ದಶಕದ ಆರಂಭದಲ್ಲಿ ಕ್ಯಾಲ್‌ಟೆಕ್‌ನ ಸೆಮೂರ್ ಬೆಂಜರ್ ಜೊತೆ ಸೇರಿ ಹಣ್ಣುನೊಣದ ವಿಚಿತ್ರ ತಳಿಗಳನ್ನು ಅಧ್ಯಯನ ಮಾಡಿದರು. ಸಾಮಾನ್ಯ ತಾಪದಲ್ಲಿ ಚೆನ್ನಾಗಿಯೇ ಓಡಾಡುವ ನೊಣಗಳು ಸೀಸೆ ಬೆಚ್ಚಗಾದೊಡನೆ ಕಾಲು ಸೋತು ಬೀಳುತ್ತವೆ. ತಂಪಾದ ಮೇಲೆ ಎದ್ದು ಹಾರುತ್ತವೆ. ಇಬ್ಬರೂ ಸೇರಿ 1976ರಲ್ಲಿ ಪ್ರಕಟಿಸಿದ ಲೇಖನದಲ್ಲಿ ‘ಕೊಮಟೋಸ್’ ಎಂಬ ತಳಿಯೊಂದಿತ್ತು. ನರಕೋಶದ ತುದಿಯಲ್ಲಿ ರಾಸಾಯನಿಕ ತುಂಬಿದ ಚೀಲಗಳು ಪೊರೆಗೆ ಬೆರೆತು ಸಂದೇಶ ಬಿಡುವುದಕ್ಕೆ ಅಗತ್ಯವಾದ ಪ್ರೋಟೀನು ಅದರಲ್ಲಿ ಕೆಟ್ಟಿದೆ ಎಂಬುದು 1990ರ ದಶಕದಲ್ಲಿ ತಿಳಿಯಿತು.

ಸಿದ್ದೀಕಿಯವರ ಕೆಲಸದ ವಿಷಯ ತಿಳಿದು ಪತ್ರ ಬರೆದು ಮುಂಬಯಿಗೆ ಬಂದ ವೆರೋನಿಕಾ ರಾಡ್ರಿಗ್ಸ್ ನೈರೋಬಿಯಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಪದವಿ ಪಡೆದವರು. ನೊಣಕ್ಕೆ ವಾಸನೆ ತಿಳಿಯುವುದು ಹೇಗೆಂದು ಕಂಡುಹಿಡಿಯಲು ಇವರಿಬ್ಬರೂ 1978ರ ಅಧ್ಯಯನದಲ್ಲಿ ಬಳಸಿದ ಸಾಧನ ಕವಲೊಡೆದ ಒಂದು ಗಾಜಿನ ಕೊಳವೆ: ಒಂದು ಕವಲಿನಲ್ಲಿ ವಾಸನೆ, ಇನ್ನೊಂದರಲ್ಲಿ ಬರಿಯ ಗಾಳಿ, ಯಾವ ಕಡೆಗೆ ಎಷ್ಟು ನೊಣ ಹೋದವೆಂಬ ಎಣಿಕೆ. ಎಣಿಕೆಯಲ್ಲಿ ತಪ್ಪುವ ನೊಣಗಳೇ ಬೇಕಾದವು. ವಾಸನೆ ಹತ್ತದಂತೆ ಮಾಡಿದ ಜೀನ್ ಅವುಗಳಲ್ಲಿರುತ್ತದೆ. ಈ ತಂಡದ ಒಂದು ಭಾಗ ಮುಂದೆ ಬೆಂಗಳೂರಿಗೆ ಹೋಗಿ, ಟಿಐಎಫ್‌ಆರ್‌ನದೇ ಕೂಸಾದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರವನ್ನು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬೆಳೆಸಿತು. ಬೆಂಗಳೂರಿನ ಇಂದಿನ ನರವಿಜ್ಞಾನದ ಒಂದು ಬೇರು ಹೀಗೆ ಕೊಲಾಬಾದಲ್ಲಿದೆ ಎಂಬುದನ್ನು ಬೆಂಗಳೂರಿನವರು ಅಷ್ಟಾಗಿ ನೆನೆಯುವುದಿಲ್ಲ.

ಪದವಿ ವಿದ್ಯಾರ್ಥಿಗೆ ನೊಣದ ಈ ಅಧ್ಯಯನದಲ್ಲಿ ಲಾಭವಿದೆ. ಕೋಟಿ ರೂಪಾಯಿಯ ಸೂಕ್ಷ್ಮದರ್ಶಕವಿಲ್ಲದೆ ಮಾಡಬಹುದಾದ ನರವಿಜ್ಞಾನ ಇದು. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಬೇಯಿಸಿ ಸೀಸೆಗೆ ಸುರಿದು, ಆರಿದ ಮೇಲೆ ನೊಣ ಬಿಟ್ಟು ಹತ್ತಿಯ ಬಿರಡೆ ಹಾಕಿದರೆ ಹತ್ತು ಹನ್ನೆರಡು ದಿನದಲ್ಲಿ ಹೊಸ ಪೀಳಿಗೆ ಸಿದ್ಧ. ಕೊಳವೆಯನ್ನು ಮೇಜಿಗೆ ತಟ್ಟಿ ನೊಣಗಳನ್ನೆಲ್ಲ ತಳಕ್ಕೆ ಬೀಳಿಸಿ, ಹತ್ತು ಸೆಕೆಂಡಿನಲ್ಲಿ ಗೆರೆ ದಾಟಿ ಮೇಲೆ ಹತ್ತಿದವೆಷ್ಟು ಎಂದು ಎಣಿಸುವುದು ಪಾರ್ಕಿನ್ಸನ್ ಸಂಶೋಧನೆಯಲ್ಲಿ ಇಂದಿಗೂ ನಡೆಯುವ ಪರೀಕ್ಷೆ. ಮುಂಬಯಿಯ ತೊಡಕು ಹವೆಯದು. ನೊಣಕ್ಕೆ ಹಿತವಾದದ್ದು 25 ಡಿಗ್ರಿ. ಮೇ ತಿಂಗಳಲ್ಲಿ ಎಸಿ ಇಲ್ಲದ ಪ್ರಯೋಗಾಲಯದಲ್ಲಿ ಅದು ಸಿಗದು. ಜುಲೈಯ ತೇವಕ್ಕೆ ಸೀಸೆಯೊಳಗೆ ಬೂಷ್ಟು ಬಂದು, ನೊಣಕ್ಕಿಂತ ಮೊದಲು ಊಟವೇ ಹಾಳು.

ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಈ ಬಗೆಯ ಕೆಲಸವನ್ನು ಕಾಲೇಜುಗಳಿಗೆ ತಲುಪಿಸಲು ಪ್ರಯತ್ನಿಸಿದೆ. 1974ರಲ್ಲಿ ಆರಂಭವಾದ ಈ ಕೇಂದ್ರ 2004ರಿಂದ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಹಚ್ಚುವ ‘ನಿಯಸ್’ ಯೋಜನೆ ನಡೆಸುತ್ತ ಬಂದಿದೆ. ‘ಕ್ಯೂಬ್’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಣ್ಣುನೊಣ, ಎರೆಹುಳು, ಹೈಡ್ರಾ, ಬಸವನಹುಳುಗಳನ್ನು ತಮ್ಮ ಕಾಲೇಜಿನಲ್ಲೋ ಮನೆಯಲ್ಲೋ ಸಾಕಿ, ತಮಗೆ ಹೊಳೆದ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ನೊಣ ಸಾಕುತ್ತೇನೆಂದರೆ ಅಮ್ಮಂದಿರು ಏನೆನ್ನುವರೋ ಅದು ಬೇರೆ ಮಾತು.

ಕಾಲೇಜುಗಳ ಪೈಕಿ ಧೋಬಿ ತಲಾವ್‌ನ ಸೇಂಟ್ ಝೇವಿಯರ್ಸ್ ಅನ್ನು ಇಲ್ಲಿ ಪ್ರತ್ಯೇಕ ಹೆಸರಿಸಬೇಕು. 1869ರಲ್ಲಿ ಜೆಸ್ಯೂಟರು ಸ್ಥಾಪಿಸಿದ, 2010ರಲ್ಲಿ ಸ್ವಾಯತ್ತವಾದ ಈ ಕಾಲೇಜಿನ ಲೈಫ್ ಸೈನ್ಸ್ ಮತ್ತು ಜೀವರಸಾಯನ ವಿಭಾಗದಿಂದ ಭಾರತದ ಇಬ್ಬರು ಪ್ರಮುಖ ನರವಿಜ್ಞಾನಿಗಳು ಬಂದರು. ಶುಭಾ ತೊಳೆ ಇಲ್ಲಿ ಓದಿ ಕ್ಯಾಲ್‌ಟೆಕ್‌ಗೆ ಹೋದರು. ವಿದಿತಾ ವೈದ್ಯ ಯೇಲ್‌ಗೆ. ಇಬ್ಬರೂ ಮರಳಿದ್ದು ಟಿಐಎಫ್‌ಆರ್‌ಗೆ, ಅಂದರೆ ತಾವು ಓದಿದ ಕಾಲೇಜಿನಿಂದ ಕೆಲವೇ ಕಿಲೋಮೀಟರ್ ಆಚೆಗೆ. ಭ್ರೂಣದ ಮಿದುಳಿನಲ್ಲಿ ಯಾವ ಭಾಗ ಕಾರ್ಟೆಕ್ಸ್ ಆಗಬೇಕು, ಯಾವುದು ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಆಗಬೇಕು ಎಂಬುದನ್ನು ನಿರ್ಧರಿಸುವಲ್ಲಿ ‘ಎಲ್‌ಎಚ್‌ಎಕ್ಸ್2’ ಎಂಬ ಜೀನ್‌ನ ಪಾತ್ರವನ್ನು ತೊಳೆಯವರ ತಂಡ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿತು. 2014ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಬಂತು. ಎಳವೆಯ ಒತ್ತಡ ದೊಡ್ಡವರಾದ ಮೇಲೆ ಆತಂಕವಾಗಿ ತಲೆಯೆತ್ತುವುದನ್ನೂ ಮಿದುಳಿನ ರಾಸಾಯನಿಕವಾದ ಸಿರೊಟೋನಿನ್‌ನ ಕೆಲಸವನ್ನೂ ಇಲಿಗಳಲ್ಲಿ ಅಭ್ಯಸಿಸಿದ ವಿದಿತಾ ಅವರಿಗೆ 2022ರಲ್ಲಿ ಅದೇ ಪ್ರಶಸ್ತಿ ಸಂದಿತು. ಲೈಫ್ ಸೈನ್ಸ್ ಬಿ.ಎಸ್ಸಿ. ಓದಿ ಏನು ಮಾಡುತ್ತೀ ಎಂದು ಕೇಳುವವರಿಗೆ ಈ ಎರಡು ಹೆಸರು ಸಾಕು.

ವಿದಿತಾ ಅವರ ತಂದೆ ಅಶೋಕ್ ವೈದ್ಯ ಔಷಧವಿಜ್ಞಾನಿ. ಅವರ ತಂಡ 1978ರಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ನಸುಗುನ್ನಿ ಬೀಜ ಕೊಟ್ಟು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತ್ತು. ಮೈಗೆ ತಗುಲಿದರೆ ತುರಿಕೆ ಹುಟ್ಟಿಸುವ ಅದೇ ನಸುಗುನ್ನಿ. ಅದರ ಬೀಜದಲ್ಲಿ, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಇರುವುದನ್ನು 1937ರಲ್ಲಿಯೇ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ಸರ್ಪಗಂಧದ ಕಥೆ ಇದಕ್ಕೂ ದೊಡ್ಡದು. ಪರೇಲಿನ ಕೆಇಎಂ ಆಸ್ಪತ್ರೆಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ 50 ಮಂದಿ ರಕ್ತದೊತ್ತಡದ ರೋಗಿಗಳಿಗೆ ಸರ್ಪಗಂಧ ಕೊಟ್ಟು ಬರೆದ ವರದಿ ಬ್ರಿಟಿಷ್ ಪತ್ರಿಕೆಯಲ್ಲಿ ಅಚ್ಚಾಗಿ ಜಗತ್ತಿನ ಗಮನ ಸೆಳೆಯಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ಅದನ್ನು ಸೇವಿಸಿದ ಕೆಲವರಿಗೆ ಖಿನ್ನತೆ ಬಂದದ್ದು ಖಿನ್ನತೆಗೆ ಮಿದುಳಿನ ರಾಸಾಯನಿಕಗಳೇ ಕಾರಣವಿರಬಹುದೆಂಬ ವಾದಕ್ಕೆ ಬಲ ಕೊಟ್ಟಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ರೆಸರ್ಪಿನ್ ಕೊಟ್ಟು ಮಂಕಾದ ಮೊಲಗಳನ್ನು ಎಲ್-ಡೋಪಾದಿಂದ ಎಬ್ಬಿಸಿದರು. ಡೋಪಮಿನ್ ಕುರಿತ ಆ ಸಂಶೋಧನೆಗೆ 2000ದಲ್ಲಿ ನೊಬೆಲ್ ಬಂತು. ಮುಂಬಯಿಯ ತರಗತಿಗಳಲ್ಲಿ ಕಾರ್ಲ್‌ಸನ್ ಹೆಸರು ಕೇಳಿಬರುತ್ತದೆ. ಪರೇಲಿನ ಹೆಸರು ಅಪರೂಪ.

ಮುಂಬಯಿಯ ಆಸ್ಪತ್ರೆಗಳ ಸಂಶೋಧನೆಗೆ ನಗರದ ಜನವಸತಿಯೂ ಬಹಳ ಮಟ್ಟಿಗೆ ನೆರವಾಯಿತು. ಒಂದೊಂದು ಸಮುದಾಯ ತನ್ನ ಕಾಲನಿ ಕಟ್ಟಿಕೊಂಡು ಒಳಗೊಳಗೇ ಮದುವೆಯಾಗುತ್ತಿದ್ದ ಊರಿನಲ್ಲಿ ರೋಗದ ಜಾಡು ಹಿಡಿಯುವುದು ಸುಲಭ. ಪಾರ್ಸಿ ಕಾಲನಿಗಳಲ್ಲಿ 14,010 ಜನರನ್ನು ಮನೆಮನೆಯಲ್ಲಿ ವಿಚಾರಿಸಿದ ಭರೂಚಾ ಮತ್ತು ಸಂಗಡಿಗರು 1988ರಲ್ಲಿ ಅಲ್ಲಿನ ಪಾರ್ಕಿನ್ಸನ್ ಪ್ರಮಾಣ ಲಕ್ಷಕ್ಕೆ 328 ಎಂದು ವರದಿ ಮಾಡಿದರು. ವಯಸ್ಸಾದವರು ಹೆಚ್ಚಿರುವ ಸಮುದಾಯವೆಂಬುದೂ ಇದರಲ್ಲಿ ಸೇರಿದೆ. ನೋಶಿರ್ ವಾಡಿಯಾ ಮತ್ತು ಆರ್. ಕೆ. ಸ್ವಾಮಿ 1971ರಲ್ಲಿ ಒಂಬತ್ತು ಕುಟುಂಬಗಳಲ್ಲಿ ಕಂಡ, ನಡಿಗೆ ತೂರಾಡುವುದರ ಜೊತೆಗೆ ಕಣ್ಣಿನ ಚಲನೆಯೂ ನಿಧಾನವಾಗುವ ಆನುವಂಶಿಕ ರೋಗವನ್ನು ವಿವರಿಸಿದರು. ಇಂದು ಅದು ಎಸ್‌ಸಿಎ2 ಎಂದು ಪರಿಚಿತ. ಇದಕ್ಕೆ ಬೇಕಾದದ್ದು ಯಂತ್ರವಲ್ಲ, ರೋಗಿಯ ಕಣ್ಣನ್ನು ತಾಳ್ಮೆಯಿಂದ ನೋಡುವುದು.

ಪದವಿ ಹಂತದಲ್ಲೇ ರೋಗಿಯ ಬಳಿ ನಿಂತು ನರವಿಜ್ಞಾನ ಕಲಿಯುವವರು ಎಂಬಿಬಿಎಸ್ ವಿದ್ಯಾರ್ಥಿಗಳು ಮಾತ್ರವಲ್ಲ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಕಮಲಾ ನಿಂಬಕರ್ 1950ರಲ್ಲಿ ಕೆಇಎಂನಲ್ಲಿ ಆರಂಭಿಸಿದ ಆಕ್ಯುಪೇಷನಲ್ ಥೆರಪಿ ಶಾಲೆ ಏಷ್ಯಾದಲ್ಲೇ ಮೊದಲನೆಯದು; ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ ಇಲ್ಲಿಯವರಾದವರು ಅವರು. ಪಾರ್ಶ್ವವಾಯು ಬಡಿದ ಕೈಗೆ ಮತ್ತೆ ಗುಂಡಿ ಹಾಕುವುದನ್ನು ಕಲಿಸುವಾಗ ಮಿದುಳು ತನ್ನ ದಾರಿಗಳನ್ನು ಬದಲಿಸಿಕೊಳ್ಳುವ ಬಗೆ ಈ ವಿದ್ಯಾರ್ಥಿಗಳಿಗೆ ದಿನನಿತ್ಯದ ಅನುಭವ. ಫಿಸಿಯೊಥೆರಪಿಯವರಿಗೂ ಹಾಗೆಯೇ.

ಬಾಂದ್ರಾ ರೆಕ್ಲಮೇಷನ್‌ನಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಶ್ರವಣ ಮತ್ತು ವಾಕ್ ವಿಜ್ಞಾನದಲ್ಲಿ ಪದವಿ ನೀಡುತ್ತದೆ. ಕಿವಿಯ ನರದಿಂದ ಹಿಡಿದು ಮಾತು ರೂಪುಗೊಳ್ಳುವ ಮಿದುಳಿನ ಭಾಗಗಳವರೆಗೆ ಈ ಕೋರ್ಸಿನ ತುಂಬ ನರವಿಜ್ಞಾನವೇ. ಮುಂಬಯಿಯಲ್ಲಿ ಇದನ್ನು ಓದುವ ವಿದ್ಯಾರ್ಥಿಗೆ ಎದುರಾಗುವ ಪ್ರಶ್ನೆ ಬೇರೆಡೆಯವರಿಗೆ ಅಷ್ಟಾಗಿ ಎದುರಾಗದು. ಮನೆಯಲ್ಲಿ ತುಳು, ಸಂಘದ ಸಭೆಯಲ್ಲಿ ಕನ್ನಡ, ಹೋಟೆಲ್ ಗಲ್ಲಾದಲ್ಲಿ ಹಿಂದಿ, ಸರಕಾರಿ ಕಚೇರಿಯಲ್ಲಿ ಮರಾಠಿ ಆಡುತ್ತಿದ್ದ ಹಿರಿಯರೊಬ್ಬರಿಗೆ ಪಾರ್ಶ್ವವಾಯುವಾಗಿ ಮಾತು ನಿಂತರೆ ಪರೀಕ್ಷಿಸಬೇಕಾದದ್ದು ಯಾವ ಭಾಷೆಯಲ್ಲಿ? ಪ್ರತಿಭಾ ಕಾರಂತ್ ವಾಕ್‌ನಷ್ಟದ ಪಾಶ್ಚಾತ್ಯ ಪರೀಕ್ಷಾಮಾಲೆಯನ್ನು ಕನ್ನಡಕ್ಕೆ ಒಗ್ಗಿಸಿದ್ದರಿಂದ ಕನ್ನಡದ ಮಟ್ಟಿಗೆ ದಾರಿಯಿದೆ. ಹಲವು ಭಾಷೆಯ ಮಿದುಳಿಗೆ ಅನುಕೂಲವೂ ಇದ್ದೀತು. ಹೈದರಾಬಾದಿನಲ್ಲಿ 648 ಮಂದಿ ಮರೆಗುಳಿ ರೋಗಿಗಳನ್ನು ಅಭ್ಯಸಿಸಿದ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಎರಡು ಭಾಷೆ ಬಲ್ಲವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು 2013ರಲ್ಲಿ ಬರೆದರು.

ಉಳಿದ ದಾರಿಗಳು ಮೂರು. ಮನಶ್ಶಾಸ್ತ್ರದ ಬಿ.ಎ. ಓದುವವರಿಗೆ ಗ್ರಹಿಕೆ, ಗಮನ, ನೆನಪುಗಳ ಪ್ರಯೋಗ ಸಿಗುತ್ತದೆ, ಜೀವಕೋಶ ಸಿಗುವುದು ಕಡಿಮೆ. ಕಲೀನಾ ಆವರಣದಲ್ಲಿ ಮುಂಬಯಿ ವಿಶ್ವವಿದ್ಯಾಲಯ ಮತ್ತು ಅಣುಶಕ್ತಿ ಇಲಾಖೆ 2007ರಲ್ಲಿ ಜಂಟಿಯಾಗಿ ತೆರೆದ ಮೂಲವಿಜ್ಞಾನ ಉತ್ಕೃಷ್ಟತಾ ಕೇಂದ್ರದಲ್ಲಿ ಐದು ವರ್ಷದ ಸಂಯುಕ್ತ ಎಂ.ಎಸ್ಸಿ. ಇದೆ, ಪ್ರವೇಶ ‘ನೆಸ್ಟ್’ ಪರೀಕ್ಷೆಯ ಮೂಲಕ. ಜೀವವಿಜ್ಞಾನದವರೂ ಭೌತವಿಜ್ಞಾನದವರೂ ಒಂದೇ ಸೂರಿನಡಿ ಓದುವುದರಿಂದ ಮೇಲೆ ಹೇಳಿದ ಬೆಂಚಿನ ಸಮಸ್ಯೆಗೆ ಇಲ್ಲಿ ಅರ್ಧ ಪರಿಹಾರವುಂಟು. ಪೊವಾಯಿಯ ಐಐಟಿಯಲ್ಲಿ ಗಣಿತದ ಕಡೆಯಿಂದ ಬರುವವರಿಗೆ ಅವಕಾಶ. ಅಲ್ಲಿ ನರಕೋಶಗಳ ಗಣಕ ಮಾದರಿಗಳನ್ನು ಕಲಿಸಿದ ರೋಹಿತ್ ಮನ್‌ಚಂದಾ ಇಂಗ್ಲಿಷ್ ಕಾದಂಬರಿಕಾರರೂ ಹೌದು.

ತರಗತಿಯ ಹೊರಗಿನ ಕಲಿಕೆಗೆ ಮುಂಬಯಿ ಧಾರಾಳಿ. ಟಿಐಎಫ್‌ಆರ್‌ನವರು 2009ರಿಂದ ಜುಹುವಿನ ಪೃಥ್ವಿ ಥಿಯೇಟರ್‌ನಲ್ಲಿ ನಡೆಸುವ ‘ಚಾಯ್ ಆ್ಯಂಡ್ ವೈ’ ಮಾತುಕತೆಗೆ ಟಿಕೆಟ್ಟಿಲ್ಲ, ವಯಸ್ಸಿನ ಮಿತಿಯಿಲ್ಲ. ಬೇಸಗೆಯಲ್ಲಿ ಅದೇ ಸಂಸ್ಥೆಯ ಪ್ರಯೋಗಾಲಯಗಳಿಗೆ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವ ಕಾರ್ಯಕ್ರಮವಿದೆ. ಬೆಂಗಳೂರಿನ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಗೆ ಫೆಲೊಶಿಪ್ಪು ಹಿಡಿದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವವರೂ ಇದ್ದಾರೆ. ಆದರೆ ಈ ಬಾಗಿಲುಗಳ ಸುದ್ದಿ ಎಲ್ಲ ಕಾಲೇಜಿಗೂ ಸಮನಾಗಿ ತಲುಪುವುದಿಲ್ಲ. ದಕ್ಷಿಣ ಮುಂಬಯಿಯ ಕಾಲೇಜಿನಲ್ಲಿ ಸೀನಿಯರ್‌ಗಳ ಬಾಯಿಂದ ಎಫ್‌ವೈಯಲ್ಲೇ ತಿಳಿಯುವುದು ವಿರಾರ್‌ನಿಂದ ಲೋಕಲ್ ಹಿಡಿದು ಉಪನಗರದ ಸಾಧಾರಣ ಕಾಲೇಜಿಗೆ ಬರುವವರಿಗೆ ಟಿವೈ ಮುಗಿದ ಮೇಲೆ ತಿಳಿಯುತ್ತದೆ. ಪುಸ್ತಕದ ಬೆಲೆಯೂ ಒಂದು ತಡೆ. ಕ್ಯಾಂಡೆಲ್ ಬಳಗದ ‘ಪ್ರಿನ್ಸಿಪಲ್ಸ್ ಆಫ್ ನ್ಯೂರಲ್ ಸೈನ್ಸ್’ ಹೊಸತು ಕೊಳ್ಳುವುದು ಮಧ್ಯಮ ವರ್ಗಕ್ಕೂ ಭಾರ. ಮಾಟುಂಗದ ಕಿಂಗ್ಸ್ ಸರ್ಕಲ್‌ನ ಹಳೆಯ ಪುಸ್ತಕದಂಗಡಿಗಳಲ್ಲಿ ಹಿಂದಿನ ಆವೃತ್ತಿಗಳಿಗೆ ಗಿರಾಕಿಗಳು ಇರುವುದು ಇದಕ್ಕೇ.

ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಮುಂಬಯಿ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ 2024–25ರಿಂದ ಹೊಸ ಪದವಿ ವಿನ್ಯಾಸ ಬಂದಿದೆ. ಮೂರು ವರ್ಷಕ್ಕೆ ಹೊರಬೀಳಬಹುದು, ನಾಲ್ಕನೆಯ ವರ್ಷ ಸಂಶೋಧನೆ ಮಾಡಿ ಆನರ್ಸ್ ಪಡೆಯಬಹುದು. ಮೈನರ್ ವಿಷಯವಾಗಿ ಬೇರೆ ಶಾಖೆಯನ್ನೂ ಹಿಡಿಯಬಹುದು. ಪ್ರಾಣಿಶಾಸ್ತ್ರದ ಜೊತೆ ಮನಶ್ಶಾಸ್ತ್ರ, ಭೌತವಿಜ್ಞಾನದ ಜೊತೆ ಜೀವವಿಜ್ಞಾನ ಎಂಬ ಜೋಡಣೆ ಕಾಗದದ ಮೇಲೆ ನರವಿಜ್ಞಾನಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನು ಕಲಿಸಲು ಅಧ್ಯಾಪಕರು, ನಾಲ್ಕನೆಯ ವರ್ಷದ ಸಂಶೋಧನೆಗೆ ಪ್ರಯೋಗಾಲಯ ಎಷ್ಟು ಕಾಲೇಜಿನಲ್ಲಿವೆ ಎಂಬುದರ ಮೇಲೆ ಉಳಿದದ್ದು ನಿಂತಿದೆ. ಬಿ.ಎಸ್ಸಿ. ಮುಗಿಸಿದವರು ಟಿಐಎಫ್‌ಆರ್ ಮತ್ತು ಎನ್‌ಸಿಬಿಎಸ್‌ನ ಸಂಯುಕ್ತ ಪಿಎಚ್‌.ಡಿ.ಗೆ ‘ಜೀಬಿಲ್ಸ್’ ಪರೀಕ್ಷೆ ಬರೆಯುತ್ತಾರೆ, ಐಐಟಿಗಳ ಎಂ.ಎಸ್ಸಿ.ಗೆ ‘ಜ್ಯಾಮ್’. ಈ ಪರೀಕ್ಷೆಗಳಿಗೆ ಕೂರಲು ಪದವಿಪತ್ರದಲ್ಲಿ ನರವಿಜ್ಞಾನವೆಂಬ ಹೆಸರು ಇರಲೇಬೇಕೆಂದಿಲ್ಲ.